ಹಣೆಯ ಮೇಲಿನ ಬಿಳಿ ಗುರುತು

ಅಕ್ಕಾ, ನಿಮ್ಮ ಆಪರೇಶನ್ ಅರ್ಧಕ್ಕೇ ನಿಂತದ್ದು ಡಾಕ್ಟರರ ತಪ್ಪಿನಿಂದಲ್ಲ, ಮಿಷಿನ್ನಿನ ತಪ್ಪಿನಿಂದಲೂ ಅಲ್ಲ. ನಾನು ಹೇಳಿದ ಒಂದು ಸುಳ್ಳಿನಿಂದ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು. ಕಾನ್ವೆಂಟಿನಲ್ಲಿ ಓದಿದವಳೆಂದು, ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರರ ಮಾತು ಕೇಳಿಸಿಕೊಳ್ಳಲು ಎಲ್ಲರೂ ನನ್ನನ್ನೇ ಮುಂದೆ ಮಾಡಿದ್ದರು. ನಿಮ್ಮ ಮೂಗಿನೊಳಗಿನ ಗಡ್ಡೆ ಕಣ್ಣಿನ ಪಕ್ಕದವರೆಗೂ ಬೆಳೆದಿತ್ತು. ಹಣೆಗೆ, ಕೆನ್ನೆಗೆ ಪುಟ್ಟ ಬಿಳಿ ಗುರುತುಗಳನ್ನು ಅಂಟಿಸಿ ಸ್ಕ್ಯಾನ್ ತೆಗೆದರು. ಆಪರೇಶನ್ನಿನಲ್ಲಿ ಮೂಗಿನೊಳಗೆ ಹೋದ ಉಪಕರಣದ ತುದಿ ಎಲ್ಲಿದೆ ಎಂದು ಪರದೆ ತೋರಿಸುವುದು ಆ ಗುರುತುಗಳನ್ನು ನಂಬಿಯೇ. ಆಪರೇಶನ್ ಆಗುವವರೆಗೆ ಅವು ಕದಲಬಾರದು — ನನಗೆ ಒತ್ತಿ ಹೇಳಿದ್ದರು.

ಮರುದಿನ ಆಪರೇಶನ್ನಿಗೆಂದು ನಿಪ್ಪಾಣಿಯ ಮನೆಯಿಂದ ಹೊರಡುವಾಗ ಅತ್ತೆ ಬಾಗಿಲಲ್ಲೇ ತಡೆದರು.

"ಮುತ್ತೈದಿ ಬರೇ ಹಣೀಲೆ ದವಾಖಾನಿಗೆ ಹೊಂಟಾಳಲ್ಲ! ಕುಂಕುಮದ ಜಾಗಾದಾಗ ಅದೆಂಥಾ ಬಿಳಿ ಟಿಕಳಿ ಬೇ?"

"ತಂಗಿ, ತಗದ್ರ ನಡೀತೈತೇನ?" ಎಂದು ನೀವು ನನ್ನನ್ನೇ ಕೇಳಿದಿರಿ.

"ನಡೀತೈತ್ರಿ ಅಕ್ಕಾ. ಮತ್ತ ಅಲ್ಲೇ ಹಚ್ಚತೇನಿ."

ಹಣೆಯ ಗುರುತನ್ನು ನಾನೇ ಕಿತ್ತೆ, ಅತ್ತೆ ಅಲ್ಲಿ ಕುಂಕುಮ ಇಟ್ಟು ಕಳಿಸಿದರು. ಕಾರಿನಲ್ಲಿ ಒದ್ದೆ ಸೆರಗಿನಿಂದ ಆ ಕುಂಕುಮ ಒರೆಸಿ, ಗುರುತನ್ನು ಮತ್ತೆ ಒತ್ತಿದೆ. ಅಂಚಿಗೆ ಸ್ವಲ್ಪ ಕೆಂಪು ಉಳಿದಿತ್ತು, ಉಗುರಿನಿಂದ ಕೆರೆದೆ. ಅದೇ ಜಾಗ ಅಂದುಕೊಂಡೆ — ಅಂದುಕೊಂಡೆ, ಅಷ್ಟೇ.

ಆಸ್ಪತ್ರೆಯಲ್ಲಿ ಮದ್ದು ಕೊಟ್ಟು ನಿಮಗೆ ಮಂಪರು ಬಂದ ಮೇಲೆ ಡಾಕ್ಟರು ಹೊರಗೆ ಬಂದರು.

"ಮೂಗಿನ ಮ್ಯಾಲೆ ಮುಟ್ಟಿದ್ರ ಪಡದೆದಾಗ ಕಣ್ಣಿನ ಹತ್ರ ತೋರಸಾಕತ್ತೈತಿ. ಗುರುತು ಯಾರರ ತಗದಿದ್ರೇನ್ರಿ? ತಗದಿದ್ರ ಹೇಳ್ರಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ನಾಳೆ ಮಾಡೂಣು."

ಅತ್ತೆ ಊರಲ್ಲೇ ಉಳಿದಿದ್ದರು; ಗುರುತು ತೆಗೆದದ್ದು ಗೊತ್ತಿಲ್ಲದ ಉಳಿದ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ಇಷ್ಟು ಓದಿದವಳು ಒಂದು ಗುರುತನ್ನೂ ಕಾಪಾಡಲಿಲ್ಲವೇ ಎಂದಾರು ಎಂದು ಹೆದರಿದೆ.

"ಇಲ್ರಿ," ಅಂದೆ.

ಅವರು ಪರದೆಯನ್ನು ನಂಬಲಿಲ್ಲ. ಕಣ್ಣಿಗೆ ಕಂಡಷ್ಟನ್ನೇ ತೆಗೆದು, ಕಣ್ಣಿನ ಪಕ್ಕದ್ದನ್ನು ಮುಟ್ಟದೆ ಬಿಟ್ಟರು. ನಿಮ್ಮ ಕಣ್ಣು ಉಳಿದದ್ದು ಅವರ ಎಚ್ಚರಿಕೆಯಿಂದ. ಆದರೆ ಮನೆಯಲ್ಲಿ ಮಾವನವರು, "ಆ ಡಾಕ್ಟರಗ ಕೆಲಸಾ ಬರಂಗಿಲ್ಲ," ಎಂದಾಗಲೆಲ್ಲ ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ವರ್ಷಗಟ್ಟಲೆ.

ಈಗ ಗಡ್ಡೆ ಮತ್ತೆ ಬೆಳೆದಿದೆ. ಎಡಗಣ್ಣಿನ ಕೆಳಗಿನ ಊತ ಮುಚ್ಚಲು ನೀವು ಸೆರಗು ಎಳೆದುಕೊಳ್ಳುವುದನ್ನು ನೋಡುತ್ತೇನೆ. "ಆ ಮಿಷಿನ್ನಿಗೆ ಇನ್ನೊಮ್ಮೆ ತಲಿ ಕೊಡಂಗಿಲ್ಲ," ಎನ್ನುತ್ತೀರಿ.

ನಿಮ್ಮ ಆ ಹೆದರಿಕೆಯನ್ನು ಹುಟ್ಟಿಸಿದವಳು ನಾನು. ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟು, ನೀವು ಓದುವವರೆಗೆ ಎದುರಿಗೇ ಕೂರುತ್ತೇನೆ. ಆಮೇಲೆ ಮಾವನವರಿಗೂ ಡಾಕ್ಟರರಿಗೂ ನಾನೇ ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಆಪರೇಶನ್ನಿಗೆ ಹೂಂ ಅನ್ನಿ, ಬೇಡ ಅನ್ನಿ — ಅದು ನಿಜ ಗೊತ್ತಾದ ಮೇಲೆ ನೀವೇ ಆಡಿದ ಮಾತಾಗಿರಲಿ.