ಅವರೆಕಾಯಿ ಕಾಲದಲ್ಲಿ ಒಬ್ಬ ಕುಡುಕ ಸೂಪರ್‌ಹೀರೋ

ಹಿತಕಬೇಳೆ ಮಾಡುವುದೆಂದರೆ ಕೂತಲ್ಲೇ ಅನುಭವಿಸುವ ಶಿಕ್ಷೆ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಬೇಕು. ತಿನ್ನುವಾಗ ಬಾಯಿ ಚಪ್ಪರಿಸುವವರು ಯಾರೂ ಆ ಹೊತ್ತಿನಲ್ಲಿ ಹತ್ತಿರ ಸುಳಿಯುವುದಿಲ್ಲ. ಎರಡು ಸಾವಿರದ ಆರೋ ಏಳೋ ಇಸವಿ, ವಿಜಯನಗರದ ನಮ್ಮ ಮನೆ. ಡಿಗ್ರಿ ಓದುತ್ತಿದ್ದ ಮಗನನ್ನು ಹಿಡಿದು ಕೂರಿಸಿದ್ದೆ. ಅವನು ಹಿತುಕಿದ ಕಾಳೆಲ್ಲ ಗೋಡೆಗೆ ಹಾರುತ್ತಿತ್ತು. ನಿನ್ನ ಕೈಲಾಗಲ್ಲ ಬಿಡು, ಏನಾದರೂ ಓದಿ ಹೇಳು ಎಂದೆ. ಗೆಳೆಯನಿಂದ ತಂದಿದ್ದ ದಪ್ಪನೆಯ ಇಂಗ್ಲಿಷ್ ಚಿತ್ರಪುಸ್ತಕ ತೆಗೆದ.

ಇಷ್ಟುದ್ದ ಬೆಳೆದವನು ಇನ್ನೂ ಕಾಮಿಕ್ಸ್ ಓದುತ್ತಾನಲ್ಲ ಎಂದು ಬೈದೆ. ಇದು ಗ್ರಾಫಿಕ್ ನಾವೆಲ್ ಎಂದ. ಹೆಸರು ಬದಲಾದರೆ ಬೆಲೆ ಜಾಸ್ತಿ, ಅಷ್ಟೇ ತಾನೇ. ನನ್ನ ಇಂಗ್ಲಿಷ್ ಮಾತ್ರೆ ಚೀಟಿ ಓದುವಷ್ಟು. ಹಾಗಾಗಿ ಅವನು ಪುಟ ತೋರಿಸಿ ಕನ್ನಡದಲ್ಲಿ ಹೇಳುತ್ತಾ ಹೋದ. ಅವನ ಬಾಯಲ್ಲಿ ಆ ಸೂಪರ್‌ಹೀರೋಗಳೆಲ್ಲ ಮಾರೇನಹಳ್ಳಿ ಬಸ್‌ಸ್ಟಾಪಿನ ಹುಡುಗರ ಹಾಗೆ ಗುರು, ಮಗಾ ಎಂದು ಮಾತಾಡಿಕೊಳ್ಳುತ್ತಿದ್ದರು.

ಎಂಥ ಹೀರೋಗಳು ಅಂತೀರಿ. ಒಬ್ಬಳಿಗೆ ಮಾಯವಾಗುವ ಶಕ್ತಿ. ಅದೇನು ಮಹಾ, ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನಗೂ ಇದೆ ಎಂದೆ. ಇನ್ನೊಬ್ಬ ಬೆಟ್ಟ ಎತ್ತುತ್ತಾನೆ, ಹೆಂಡತಿಯ ಮುಂದೆ ತಲೆ ಎತ್ತುವುದಿಲ್ಲ. ನನಗೆ ತೀರಾ ಹಿಡಿಸಿದವನು ಆಕಾಶದಲ್ಲಿ ಹಾರಾಡುವವನು. ಒಂದು ಕಾಲಕ್ಕೆ ಊರು ಕಾಯುತ್ತಿದ್ದವನಿಗೆ ಈಗ ಹೊಟ್ಟೆ ಬಂದು ಹಳೇ ಉಡುಪಿನ ಜಿಪ್ ಏರುವುದಿಲ್ಲ. ಕುಡಿದು ಹಾರಿ ಯಾರದೋ ತಾರಸಿಯ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆಯುತ್ತಾನೆ. ನಾನು ನಕ್ಕ ನಗು ಬೀದಿಗೆ ಕೇಳಿರಬೇಕು. ಮುಂದೆ ಜೊತೆಯವರೇ ಅವನನ್ನು ಹೊರಗೆ ಹಾಕಿದರು. ಆ ಪುಟದಲ್ಲಿ ಏನು ಬರೆದಿದೆ ಎಂದು ಕೇಳಿದರೆ, ಏನೂ ಬರೆದಿಲ್ಲಮ್ಮ, ನೋಡು ಅಷ್ಟೇ ಎಂದ. ನೋಡಿದೆ. ಮಳೆ, ಬೀದಿ ದೀಪ, ಅದರ ಕೆಳಗೊಂದು ಬೆನ್ನು. ಹಾರಬಲ್ಲವನು ನಡೆದು ಹೋಗುತ್ತಿದ್ದ.

"ಪಾಪ ಕಣೋ, ಒಳ್ಳೆಯವನು" ಎಂದೆ. "ಕುಡೀತಾನೆ, ಅಷ್ಟೇ ತಾನೇ?"

ಮಗ ತಲೆಯೆತ್ತಿ ನನ್ನನ್ನೇ ನೋಡಿದ. ಏಕೆ ನೋಡಿದನೆಂದು ನನಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಕಾಳು ಹಿತುಕಿದೆ.

ನನಗೊಬ್ಬ ಅಣ್ಣ. ಅಪ್ಪ ತೀರಿಕೊಂಡಾಗ ಓದು ಬಿಟ್ಟು ಮಿಲ್ಲಿಗೆ ಸೇರಿ, ನನ್ನನ್ನು ಓದಿಸಿ, ಮದುವೆ ಮಾಡಿಕೊಟ್ಟವನು. ಮಿಲ್ಲು ಮುಚ್ಚಿದ ಮೇಲೆ ಕುಡಿತ ಹತ್ತಿತು. ಹಿಂದಿನ ವರ್ಷ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಕುಡಿದೇ ಬಂದು, ಹೊಸಿಲು ಎಡವಿ ರಂಗೋಲಿಯ ಮೇಲೆ ಬಿದ್ದ. ಗಂಡನ ಕಡೆಯವರೆಲ್ಲ ಮೂಗು ಮುಚ್ಚಿಕೊಂಡರು. ಮಾನ ಹೋದ ಸಿಟ್ಟಿನಲ್ಲಿ, ಎಲ್ಲರೆದುರು, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ ಅಂದುಬಿಟ್ಟೆ. ಅವನು ಆಮೇಲೆ ಹತ್ತಲೇ ಇಲ್ಲ.

ನಾನು ಕಾಳು ಹಿತುಕುತ್ತಿದ್ದ ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದೆ. ಅಣ್ಣ, ಕೈಯಲ್ಲೊಂದು ಚೀಲ ಹಿಡಿದು ಗೇಟಿನ ಆಚೆಯೇ ನಿಂತಿದ್ದ.

"ಅಮ್ಮ ಇಲ್ಲ ಅಂತ ಹೇಳು" ಎಂದು ಮಗನಿಗೆ ಪಿಸುಗುಟ್ಟಿದೆ.

ಕುಡಿದಿದ್ದಾನೋ ಇಲ್ಲವೋ ಎಂದು ನೋಡುವ ತಾಳ್ಮೆಯೂ ನನಗಿರಲಿಲ್ಲ. ಅಡುಗೆಮನೆ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ನಿಂತೆ. ಮಾಯವಾಗುವ ಶಕ್ತಿ ನನಗೆ ನಿಜವಾಗಿ ಬಂದದ್ದು ಆಗ. ಮಗ ಚೀಲ ಹಿಡಿದು ವಾಪಸ್ ಬಂದ. ತುಂಬ ಅವರೆಕಾಯಿ, ಮನೆಯೆಲ್ಲ ಸೊಗಡಿನ ಘಮ. ನನಗೆ ಇಷ್ಟವೆಂದು ವರ್ಷಾ ವರ್ಷಾ ಒಳ್ಳೆಯ ಕಾಯಿ ಹುಡುಕಿ ತರುತ್ತಿದ್ದವನು ಅವನೇ.

"ನಿನ್ ಚಪ್ಪಲಿ ಬಾಗಿಲಲ್ಲೇ ಇತ್ತಮ್ಮ" ಎಂದ ಮಗ. "ಮಾವ ಅದನ್ನೇ ನೋಡ್ತಾ ನಿಂತಿದ್ರು."

ನಾಚಿಕೆಯಿಂದ ಕುಗ್ಗಿ ಹೋದೆ. ಕುಗ್ಗಿದಾಗ ನನ್ನ ಬಾಯಿ ಇನ್ನೂ ಜೋರಾಗುತ್ತದೆ. ಅಧಿಕಪ್ರಸಂಗ ಬೇಡ, ಮುಂದೆ ಓದು ಎಂದು ಗದರಿದೆ. ಅವನು ಕೊನೆಯ ಪುಟಗಳನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದ, ಪುಸ್ತಕವನ್ನು ನನ್ನ ಕಡೆ ತಿರುಗಿಸಲೂ ಇಲ್ಲ. ಆ ಕುಡುಕ ತಂಗಿಯ ಮನೆಗೆ ಹೋದನಂತೆ, ಬಾಗಿಲು ತಟ್ಟಿದನಂತೆ.

"ಅವಳು ತೆಗೀಲಿಲ್ಲ. ಕತೆ ಮುಗೀತು" ಎಂದು ಎದ್ದು ಹೋದ.

ಅಷ್ಟು ಚೆಂದದ ಕತೆಗೆ ಇದೆಂಥ ಕೊನೆ ಎಂದು ಬರೆದವನ ಮೇಲೇ ಸಿಟ್ಟು ಬಂತು. ಮಾರನೆಯ ದಿನ ಕಸ ಗುಡಿಸುವಾಗ ಮಂಚದ ಮೇಲೆ ಪುಸ್ತಕ ಬಿದ್ದಿತ್ತು. ಪೊರಕೆ ಬದಿಗಿಟ್ಟು ಕೊನೆಯ ಪುಟ ತೆಗೆದೆ. ಅಲ್ಲೂ ಮಾತಿರಲಿಲ್ಲ, ಇಂಗ್ಲಿಷ್ ಬೇಕಾಗಿರಲಿಲ್ಲ. ತಂಗಿ ಬಾಗಿಲು ತೆಗೆದಿದ್ದಳು. ಒಳಗೆ ಹಳದಿ ಬೆಳಕು. ಅವನು ಒದ್ದೆ ಬಟ್ಟೆಯಲ್ಲೇ ಕೂತು ಊಟ ಮಾಡುತ್ತಿದ್ದ, ಅವಳು ಪಕ್ಕದಲ್ಲಿ ನಿಂತು ಬಡಿಸುತ್ತಿದ್ದಳು. ಮಗ ನನಗೆ ಸುಳ್ಳು ಹೇಳಿದ್ದ. ಏಕೆ ಹೇಳಿದೆ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಹಿಂದಿನ ದಿನ ಅವನಿಗೆ ಸುಳ್ಳು ಹೇಳಿಕೊಟ್ಟವಳು ನಾನೇ.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲ, ಕಬ್ಬಿನ ತುಂಡು, ಒಂದು ಡಬ್ಬಿ ಹಿತಕಬೇಳೆ ಸಾರು ಹಿಡಿದು ಅಣ್ಣನಿದ್ದ ಬಿನ್ನಿಪೇಟೆಗೆ ಬಸ್ಸು ಹತ್ತಿದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎನ್ನುತ್ತಾರೆ. ಬೀದಿಯವರಿಗೆಲ್ಲ ಹಾಗೆಂದು ಎಳ್ಳು ಬೀರಿ ಬಂದವಳಿಗೆ ದಾರಿಯುದ್ದಕ್ಕೂ ಒಂದು ಒಳ್ಳೆ ಮಾತೂ ಹೊಳೆಯಲಿಲ್ಲ. ಅಣ್ಣ ತಂಗಿ ಕ್ಷಮಿಸು ಗಿಮಿಸು ಎಂದು ಹೇಳಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಅವನು ಚಪ್ಪಲಿಯ ವಿಷಯ ಎತ್ತಿದರೆ ಏನು ಹೇಳಲಿ ಎಂಬುದೇ ತಲೆಯಲ್ಲಿ.

ವಠಾರದ ಕೊನೆಯ ಮನೆ ಅವನದು. ನಾನು ಬಾಗಿಲು ತಟ್ಟುವ ಮೊದಲೇ ಕಂಡು, ಬಾ ಒಳಗೆ ಎಂದ. ಬಾಯಿಂದ ವಾಸನೆ ಬರುತ್ತಲೇ ಇತ್ತು, ಹಬ್ಬದ ದಿನವೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಚಾಪೆ ಹಾಸಿ ಕೂರಿಸಿದ. ಎಳ್ಳು ಬಾಯಿಗೆ ಹಾಕಿಕೊಂಡ. ನಾನು ಏನೋ ಹೇಳಹೊರಟೆ, ಅಷ್ಟರಲ್ಲಿ ಅವನೇ ಶುರು ಮಾಡಿದ.

"ಮೊನ್ನೆ ಬಂದಿದ್ದೆ ಕಣಮ್ಮ. ನೀನು ಮನೇಲಿರ್ಲಿಲ್ಲ, ಎಲ್ಲೋ ಹೋಗಿದ್ದೆ."

ನನ್ನ ಮುಖ ನೋಡದೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಚಿಕ್ಕಂದಿನಲ್ಲಿ ನಾನು ಏನೇ ಒಡೆದರೂ ತಾನೇ ಒಡೆದೆ ಎಂದು ಅಮ್ಮನೆದುರು ನಿಲ್ಲುತ್ತಿದ್ದವನು.

"ಹೂಂ" ಎಂದೆ. "ಹೋಗಿದ್ದೆ."