ನೀಲಿ ಬಾಗಿಲಿನ ಬೀಗ

ರಾಮನಗರದಲ್ಲಿ ರೋಶನ್ ಬೀಯಷ್ಟು ನೀರಿನ ಜೊತೆ ಬಾಳಿದವಳೂ ಇಲ್ಲ, ಅವಳಷ್ಟು ಬಾಯಾರಿದವಳೂ ಇಲ್ಲ. ಈಗಿನ ಮಾಲೀಕ ವಹಾಬನ ಅಪ್ಪನ ಕಾಲದಿಂದ, ಅಂದರೆ ಇಪ್ಪತ್ತೊಂದು ವರ್ಷದಿಂದ, ಅವಳು ಅವರ ನೂಲು ಬಿಚ್ಚುವ ಶೆಡ್ಡಿನಲ್ಲಿ ಕುದಿಯುವ ನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ರೇಷ್ಮೆಗೂಡುಗಳಿಂದ ಎಳೆಯ ತುದಿ ಹುಡುಕುತ್ತಿದ್ದಳು. ಕೂದಲಿಗಿಂತ ತೆಳುವಾದ ಆ ತುದಿ ಬೇರೆಯವರ ಕಣ್ಣಿಗೇ ಬೀಳುತ್ತಿರಲಿಲ್ಲ. ಇವಳ ಬೆರಳಿಗೆ ತಾನಾಗಿ ಸಿಗುತ್ತಿತ್ತು. ಬೆರಳುಗಳೋ, ಬೆಂದು ಬೆಂದು ಬಿಳಿಚಿಹೋಗಿದ್ದವು.

ಬೆಳಿಗ್ಗೆ ಏಳಕ್ಕೆ ಕೂತರೆ ಏಳುವುದು ಸಂಜೆ ಆರಕ್ಕೆ. ಅಷ್ಟು ಹೊತ್ತೂ ಹನಿ ನೀರು ಕುಡಿಯುತ್ತಿರಲಿಲ್ಲ. ವ್ರತವಲ್ಲ, ರೋಜಾದ ಉಪವಾಸವೂ ಅಲ್ಲ. ಹನ್ನೆರಡು ಹೆಂಗಸರ ಆ ಶೆಡ್ಡಿಗೆ ಕಕ್ಕಸಿರಲಿಲ್ಲ, ಅಷ್ಟೇ. ಗಂಡಸರು ಹಿತ್ತಲ ಗೋಡೆಯನ್ನು ದೇವರು ತಮಗೆಂದೇ ಕಟ್ಟಿಸಿಕೊಟ್ಟ ಹಾಗೆ ಬಳಸುತ್ತಿದ್ದರು. ಹೆಂಗಸರು ಕತ್ತಲಾಗುವವರೆಗೆ ಕಾಯಬೇಕು. "ನೀರು ಜಾಸ್ತಿ ಕುಡಿಯಮ್ಮ, ಇಲ್ಲದಿದ್ದರೆ ಕಿಡ್ನಿ ಹೋಗುತ್ತೆ" ಎಂದು ಡಾಕ್ಟರು ಹೇಳಿದಾಗ ರೋಶನ್ ಬೀ ನಕ್ಕಿದ್ದಳು. ಆ ನಗು ಉರಿಮೂತ್ರಕ್ಕೆ ಮದ್ದಾಗಲಿಲ್ಲ. ಈಚೆಗೆ ರಕ್ತವೂ ಕಾಣಿಸುತ್ತಿತ್ತು, ಅವಳಿಗೆ ನಿಜಕ್ಕೂ ಭಯವಾಗಿತ್ತು.

ವಹಾಬನನ್ನು ಮೂರು ಸಲ ಕೇಳಿದ್ದಳು. ರೇಷ್ಮೆಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಅವನು ಮನೆಯ ಮೇಲೆ ಮಹಡಿ ಎಬ್ಬಿಸಿ, ಮೂರು ಜನಕ್ಕೆ ಮೂರು ಬಚ್ಚಲು ಕಟ್ಟಿಸಿಕೊಂಡಿದ್ದ. ಶೆಡ್ಡಿನ ಕಕ್ಕಸಿನ ಮಾತೆತ್ತಿದರೆ ಮಾತ್ರ "ಜಾಗ ಎಲ್ಲೈತೆ ಆಪಾ" ಎನ್ನುತ್ತಿದ್ದ.

ಅದೇ ವರ್ಷ, ಅಂದರೆ ತೊಂಬತ್ತೈದರಲ್ಲಿ, ದೇಶದೇಶದ ದೊರೆಗಳು ಕೋಪನ್‌ಹೇಗನ್ ಎಂಬ ಚಳಿಯ ಊರಿನಲ್ಲಿ ಸೇರಿ, ಬಡತನವನ್ನು ಬೇರುಸಹಿತ ಕೀಳುತ್ತೇವೆ, ದುಡಿಯುವವರಿಗೆ ಮಾನದ ಕೆಲಸ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಮಾತು ಕೊಡುವುದಕ್ಕೇನು, ನಾಲಿಗೆಗೆ ಬಾಡಿಗೆಯೇ? ಆದರೆ ಆ ಮಾತಿನ ಬಾಲ ಹಿಡಿದು ವಿದೇಶದ ಸಂಸ್ಥೆಯೊಂದರವರು ಶೆಡ್ಡುಗಳನ್ನು ನೋಡಲು ಬರುತ್ತಾರೆ, ಮೆಚ್ಚಿದರೆ ಹೊಸ ಯಂತ್ರಕ್ಕೆ ನೆರವು ಕೊಡುತ್ತಾರೆ ಎಂದು ಸುದ್ದಿಯಾಯಿತು. ಇಪ್ಪತ್ತೊಂದು ವರ್ಷ ಸಿಗದ ಜಾಗ ಒಂಬತ್ತು ದಿನದಲ್ಲಿ ಸಿಕ್ಕಿತು. ಕಕ್ಕಸು ಎದ್ದಿತು, ಅದಕ್ಕೆ ನೀಲಿ ಬಾಗಿಲು ಬಂತು, ಬಾಗಿಲಿಗೆ ಅಂಗೈ ಅಗಲದ ಹಿತ್ತಾಳೆ ಬೀಗವೂ ಬಂತು.

"ಬೀಗ ಯಾಕೆ ಸಾಬ್ರೇ?" ಎಂದಳು ಪಕ್ಕದ ತೊಟ್ಟಿಯ ಬೀರಮ್ಮ.

"ಅದು ಗೆಸ್ಟ್‌ಗಳಿಗೆ ಕಣವ್ವ. ನೀವು ಹೋದ್ರೆ ಗಲೀಜಾಯ್ತದೆ."

"ನಮ್ದು ಗಲೀಜು, ಅವ್ರದ್ದು ಪನ್ನೀರಾ?" ಎಂದು ಬೀರಮ್ಮ ಗೊಣಗಿದಳು. ವಹಾಬ್ ಬೀಗದ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದ.

ಬಂದವರಲ್ಲಿ ಮುಖ್ಯಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಬಿಳಿ ಹೆಂಗಸು. ಅವಳ ಮಾತನ್ನು ಕನ್ನಡ ಮಾಡಲು ಜೊತೆಗೊಬ್ಬಳು ಬೆಂಗಳೂರಿನ ಹುಡುಗಿ. ವಹಾಬ್ ಭಕ್ತಿ ಉಕ್ಕಿ ಆ ಹೆಂಗಸಿಗೆ ಮೂರು ಎಳನೀರು ಕುಡಿಸಿಬಿಟ್ಟ. ಎಳನೀರಿಗೆ ಸ್ವದೇಶ ವಿದೇಶ ಗೊತ್ತಿಲ್ಲ. ಅರ್ಧ ಗಂಟೆಯೊಳಗೆ ಅವಳು ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ವಹಾಬ್ ಬೀಗ ತೆಗೆಯಲು ಓಡಿದ.

ಹೊರಬಂದವಳು ಅವನ ಕೈಯಲ್ಲಿದ್ದ ಬೀಗವನ್ನೇ ನೋಡಿದಳು. ಆಮೇಲೆ ನೇರ ರೋಶನ್ ಬೀಯ ಹತ್ತಿರ ಬಂದಳು.

"ಇದನ್ನು ನೀವೂ ಬಳಸ್ತೀರಾ ಅಂತ ಕೇಳ್ತಿದ್ದಾರೆ" ಎಂದಳು ಹುಡುಗಿ.

ಎಲ್ಲ ತೊಟ್ಟಿಗಳಲ್ಲೂ ಕೈಗಳು ನಿಂತವು. ವಹಾಬನ ಕಣ್ಣು ಇವಳ ಮೇಲೆ ನೆಟ್ಟಿತ್ತು. ಇಲ್ಲ ಎಂದರೆ ನಾಳೆಯಿಂದ ಕೆಲಸವಿಲ್ಲ. ಹೌದು ಎಂದರೆ ಬೀಗ ಮತ್ತೆ ಬಾಗಿಲಿಗೆ. ರೋಶನ್ ಬೀ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತುದಿ ಹುಡುಕುವುದು ಅವಳಿಗೇನೂ ಹೊಸದಲ್ಲ.

"ಓ, ದಿನಾ ಹೋಯ್ತೀವಿ" ಎಂದಳು. "ನಮ್ಮ ಭಾಯಿ ನಮಗೇ ಅಂತ ಕಟ್ಸವ್ರೆ. ಇವತ್ತು ನೀವು ಬತ್ತೀರಿ, ಚೊಕ್ಕಟವಾಗಿರ್ಲಿ ಅಂತ ಬೀಗ ಹಾಕಿದ್ರು. ಇನ್ಮೇಲೆ ಇದರ ಕೆಲ್ಸ ಇಲ್ಲ." ವಹಾಬನ ಕೈಯಿಂದ ಬೀಗವನ್ನೂ ಬೀಗದ ಕೈಯನ್ನೂ ತೆಗೆದುಕೊಂಡು ಆ ಹೆಂಗಸಿನ ಅಂಗೈಯಲ್ಲಿಟ್ಟಳು. "ನಮ್ಮೂರ ನೆಪ್ಪಿಗೆ ಇಟ್ಕೊಳ್ಳಿ ಅಂತ ಹೇಳವ್ವ. ಯಾವತ್ತಾದ್ರೂ ಹೇಳ್ದೆ ಕೇಳ್ದೆ ಬಂದು ನೋಡ್ಲಿ, ಬಾಗ್ಲು ತೆಗ್ದೇ ಇರ್ತದೆ. ಅಲ್ವಾ ಭಾಯಿ?"

ವಹಾಬನಿಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಹೌದೌದು" ಎಂದ. ಬಿಳಿ ಹೆಂಗಸು ಕಣ್ಣು ತುಂಬಿಕೊಂಡು ಬೀಗವನ್ನು ಚೀಲಕ್ಕೆ ಹಾಕಿದಳು, ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು, ಖಂಡಿತ ಬರುತ್ತೇನೆ ಎಂದು ಮಾತು ಕೊಟ್ಟಳು.

ಅವಳು ಬರಲಿಲ್ಲ, ನೆರವೂ ಬರಲಿಲ್ಲ. ಆದರೆ ವರ್ಷಗಟ್ಟಲೆ, ಬೀದಿಯಲ್ಲಿ ಬಿಳಿ ಕಾರು ಕಂಡರೆ ಸಾಕು, ವಹಾಬ್ ಎದ್ದು ಹೋಗಿ ನೀಲಿ ಬಾಗಿಲು ತೆರೆದಿದೆಯೇ ಎಂದು ನೋಡಿ ಬರುತ್ತಿದ್ದ.

ಅದೆಲ್ಲ ಆಮೇಲಿನ ಮಾತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ರೋಶನ್ ಬೀ ತೊಟ್ಟಿ ಬಿಟ್ಟು ಎದ್ದಳು. ಗಂಡಸರಷ್ಟೇ ಮುಟ್ಟುತ್ತಿದ್ದ ಮೂಲೆಯ ಮಡಕೆಯಿಂದ ಒಂದು ಚೊಂಬು ನೀರು ಮೊಗೆದು ಗಟಗಟ ಕುಡಿದಳು. ಇನ್ನೊಂದು ಮೊಗೆದಳು.

"ಏನ್ ಆಪಾ, ಇಷ್ಟೊಂದು?" ಎಂದ ವಹಾಬ್.

"ಇಪ್ಪತ್ತೊಂದು ವರ್ಷದ ದಾಹ ಭಾಯಿ, ಒಸಿ ಹೊತ್ತಾಯ್ತದೆ" ಎಂದು ಅವಳು ಚೊಂಬನ್ನು ಬೀರಮ್ಮನ ಕೈಗೆ ಕೊಟ್ಟಳು.