ಮಹಬೂಬಸಾಬರು ಸಾರಿದ ಸಿನಿಮಾ

ಹೋದ ವಾರ ನಮ್ಮ ಮನೆಗೆ ಕರೆಗಂಟೆ ಬಂತು. ಮಗಳ ಹಟ. "ಎಲ್ಲಾರ ಮನ್ಯಾಗೂ ಐತಿ, ನಾವಷ್ಟ ಚಿಲಕಾ ಬಡಿಸಿಕೊಂತ ಕುಂಡ್ರೂದೇನು?" ಅಂದಳು. ಒಪ್ಪಿದೆ. ಒಪ್ಪುವುದು ನನಗೆ ಸುಲಭ. ಒಪ್ಪಿದ ಮೇಲೆ ಚಿಂತೆ ಮಾಡುವುದು ಇನ್ನೂ ಸುಲಭ. ಚಿಲಕ ಬಡಿದರೆ ಬಂದವರು ಯಾರೆಂದು ಅರ್ಧ ತಿಳಿಯುತ್ತಿತ್ತು. ಪೋಸ್ಟಿನವನದು ಎರಡೇ ಪೆಟ್ಟು. ಪಕ್ಕದ ಮನೆಯ ನೀಲವ್ವನದು ಜಗಳಕ್ಕೆ ಬಂದಂತೆ. ಈ ಗಂಟೆಗೆ ಯಾರು ಒತ್ತಿದರೂ ಒಂದೇ ದನಿ. ಹೆಪ್ಪಿಗೆ ಮೊಸರು ಕೇಳಲು ಬಂದವಳೂ ಸಾವಿನ ತಾರು ತಂದವನೂ ಅದಕ್ಕೆ ಸಮ.

ನಿನ್ನೆ ಸಂಜೆ ಅದು ಬಾರಿಸಿತು. ಮುಂಡರಗಿಗೆ ಗೆಳತಿಯ ಮದುವೆಗೆ ಹೋದ ಮಗಳು ಇನ್ನೂ ಬಂದಿರಲಿಲ್ಲ. ಚಹಾದ ಕಪ್ಪು ಹಿಡಿದವನು ಹಾಗೇ ಕಲ್ಲಾದೆ. ಮಗಳೇ ಇರಬಹುದು. ಮಗಳ ಖಬರು ತಂದವನೂ ಇರಬಹುದು. ಒಳಗಿನಿಂದ ಹೆಂಡತಿ ಕೂಗಿದಳು: "ಕಿವಿ ಕೇಳಸ್ತಾವೋ ಇಲ್ಲೋ? ಬಾಗಲಾ ತಗೀರಿ!"

ಇದೇ ಮಾತನ್ನು ಹದಿನೈದು ವರ್ಷದ ಹಿಂದೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಗಂಟೆ ಒತ್ತಿದವರು ಯಾರೇ ಆಗಲಿ, ಒಂದು ಗಳಿಗೆ ಹೊರಗೆ ನಿಂತಿರಲಿ. ಮೊದಲು ನಿಮಗೆ ಮಹಬೂಬಸಾಬರ ವಿಷಯ ಹೇಳುತ್ತೇನೆ.

ಆಗ ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ಬೀಗರ ಹೆಸರು ಬಿದ್ದರೆ ಹೇಗೆ ಎಂದು ಬೆವರುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ನನಗೆ ಹೇಳಿ ಮಾಡಿಸಿದ ಕೆಲಸ. ಸಿನಿಮಾದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲುಗಳೂ ನಮ್ಮಲ್ಲೇ ಅಚ್ಚಾಗುತ್ತಿದ್ದವು. ಅವನ್ನು ಒಯ್ಯಲು ಮಹಬೂಬಸಾಬರು ಟಾಂಗಾದಲ್ಲಿ ಬರುವರು. ಟಾಂಗಾದ ಎರಡೂ ಬದಿಗೆ ಬಣ್ಣದ ಬೋರ್ಡು, ಮೇಲೊಂದು ಲೌಡ್‌ಸ್ಪೀಕರು, ಒಳಗೆ ಮೈಕು ಹಿಡಿದ ಅವರು; ಗದಗು ಬೆಟಗೇರಿಯ ಓಣಿ ಓಣಿ ತಿರುಗಿ ಹೊಸ ಚಿತ್ರ ಬಂದದ್ದನ್ನು ಸಾರುವುದು ಅವರ ಕಸುಬು. ನಮ್ಮೆದುರು "ಏನ್ರೀಪಾ, ಆರಾಮ?" ಎನ್ನುವ ಮನುಷ್ಯ ಮೈಕು ಕೈಗೆ ಬಂದೊಡನೆ, "ಮಹಾಜನಗಳೇ, ಮಾತೆಯರೇ, ಆಗಮಿಸಿರಿ, ಅವಲೋಕಿಸಿರಿ!" ಎಂದು ಪಂಡಿತರಾಗಿಬಿಡುವರು. ಮೋಜೆಂದರೆ, ಸ್ವತಃ ಸಿನಿಮಾ ನೋಡುತ್ತಿರಲಿಲ್ಲ. ಕೇಳಿದರೆ, "ಕತ್ತಲದಾಗ ಕುಂತ್ರ ನನಗ ನಿದ್ದಿ ಬರತೈತ್ರಿ. ಕತಿ ನೀವು ಅಚ್ಚು ಹಾಕಿರ್ತೀರಲ್ಲ, ಅಷ್ಟ ಸಾಕು," ಎನ್ನುವರು.

ಬೇಸಗೆಯಲ್ಲಿ ಡೇರೆ ಟಾಕೀಜಿನವರೂ ಅವರನ್ನು ಕರೆಸಿಕೊಳ್ಳುತ್ತಿದ್ದರು. ಹಾಗೆ ಒಂದು ಸಲ ಮುಂಡರಗಿಯ ಕಡೆಗೆ ಹೋಗಿದ್ದಾಗ ಅವರ ಒಬ್ಬನೇ ಮಗ ರಶೀದ ಇಲ್ಲಿ ಬೆಟಗೇರಿಯಲ್ಲಿ ತೀರಿಕೊಂಡ. ಮಗ್ಗದ ಕೆಲಸದಲ್ಲಿ ಆಗಲೇ ಕೈ ಪಳಗಿದವನು. ಕಾಮಾಲೆ, ಗುಣವಾಗುತ್ತಿದೆ ಎಂದುಕೊಂಡಿದ್ದೇ ತಲೆಗೇರಿತ್ತು. ಮುಂಡರಗಿಗೆ ಆಳು ಕಳಿಸಿದರು. ಇವರು ಮೈಕು ಕಟ್ಟಿಕೊಂಡು ಯಾವುದೋ ಹಳ್ಳಿಗೆ ಹೋಗಿದ್ದರು. ಯಾವ ಹಳ್ಳಿ ಎಂದು ಯಾರಿಗೂ ಗೊತ್ತಿಲ್ಲ. ಸುಡು ಬಿಸಿಲಿನ ದಿನ. ಹಿರಿಯರು ಸಂಜೆಯ ತನಕ ಕಾದರು, ಆಮೇಲೆ ಮಣ್ಣು ಮಾಡಿದರು. ಮರುದಿನ ಮುಂಜಾನೆ ಮಹಬೂಬಸಾಬರು ಬಸ್ಸಿಳಿದು ಬಂದರು. ಹೆಗಲ ಮೇಲೆ ಕಬ್ಬಿನ ಜಲ್ಲೆ. ಕಾಮಾಲೆಗೆ ಕಬ್ಬಿನ ಹಾಲು ಒಳ್ಳೆಯದೆಂದು ಯಾರೋ ಹೇಳಿದ್ದರಂತೆ.

ಅವರು ಅಳಲಿಲ್ಲ. ನಾನು ಮಾತಾಡಿಸಲು ಹೋದಾಗ ಕೇಳಿದ್ದು ಒಂದೇ ಮಾತು: "ಎಲ್ಲಾರೂ ಹೋದಾ ಅಂತಾರ. ನಾ ಮುಖಾ ನೋಡಿಲ್ಲರಿ. ನೋಡದ ಹೆಂಗ ನಂಬ್ಲಿ?" "ಊಟಾ ಆತೇನ್ರಿ?" ಅಂದೆ. ಉತ್ತರವಿಲ್ಲದ ಕಡೆಗೆಲ್ಲ ನಾನು ಊಟದ ವಿಷಯ ತೆಗೆಯುತ್ತೇನೆ.

ಮಳೆಗಾಲಕ್ಕೆ ಆ ಚಿತ್ರ ಬಂತು. ಹೆಸರು ಬೇಡ. ದೊಡ್ಡ ಪಟ್ಟಣ, ಎತ್ತರದ ಕಟ್ಟಡದಲ್ಲಿ ಎರಡು ಕೋಣೆಯ ಮನೆ, ಅದರಲ್ಲಿ ಒಬ್ಬ ಗುಮಾಸ್ತ ತಂದೆ. ಮಗ ಅಪಘಾತದಲ್ಲಿ ಸಾಯುತ್ತಾನೆ. ತಂದೆ ದಿನಾ ಅವನ ಬೂಟಿಗೆ ಪಾಲಿಶ್ ಹಚ್ಚುತ್ತಾನೆ, ಊಟಕ್ಕೆ ತಾಟು ಹಾಕಿ ಕಾಯುತ್ತಾನೆ, ಲಿಫ್ಟು ಏರುವ ಸದ್ದಿಗೆಲ್ಲ ಎದ್ದು ನಿಲ್ಲುತ್ತಾನೆ. ಕರಡನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದೆ. ಟಾಕೀಜಿನ ಸಾವಕಾರರಿಗೆ, "ಈ ಒಂದು ಪಿಕ್ಚರಿಗೆ ಬ್ಯಾರೆದಾವ್ರನ್ನ ಕಳಸ್ರಿ," ಎಂದೆ. ಅವರು ನಕ್ಕರು: "ಸಾರಾಂವಗ ಇಲ್ಲದ ಬ್ಯಾನಿ ಅಚ್ಚು ಹಾಕಾಂವಗ್ಯಾಕೋ?"

ಮೊದಲ ದಿನ ಮಹಬೂಬಸಾಬರು ಹ್ಯಾಂಡ್‌ಬಿಲ್ಲಿನಲ್ಲಿದ್ದುದನ್ನೇ ಓದಿದರು: "ಮಗನನ್ನು ಕಳೆದುಕೊಂಡ ತಂದೆಯ ಕರುಳು ಹಿಂಡುವ ಕಥೆ!" ಎರಡನೆಯ ದಿನ ಕಥೆ ಬದಲಾಯಿತು. "ಮಾತೆಯರೇ, ಅಂಜಬ್ಯಾಡ್ರಿ. ಮಗ ಸತ್ತಿಲ್ಲ, ಊರಿಗೆ ಹೋಗ್ಯಾನ. ಕಡೀಕ ಬರತಾನ!" ಬೆಟಗೇರಿಯ ಹೆಂಗಸರು ಆ ಭರವಸೆಯ ಮೇಲೆ ಟಿಕೀಟು ತೆಗೆದು, ಒಳಗೆ ಅತ್ತು, ಹೊರಗೆ ಬಂದು ಬೈದರು. "ಏ ಸಾಬಣ್ಣ, ಎಲ್ಲಿ ಬಂದಾನೋ ನಿನ್ನ ಹೀರೋ? ಯಾವ ಬಸ್ಸಿಗೆ ಬರಾಂವದಾನ?" ಎಂದು ಕಟ್ಟೆಯ ಮೇಲಿನವನೊಬ್ಬ ಕೆಣಕಿದ. "ಶಿರಹಟ್ಟಿ ಬಸ್ಸಿಗೆ," ಎಂದರು ಮಹಬೂಬಸಾಬರು. ತಮಾಷೆಯಲ್ಲ. ಟಾಂಗಾ ನಿಲ್ಲಿಸಿ ಮೈಕಿನಲ್ಲೇ ಮುಂದುವರಿಸಿದರು: "ಬಲಗಡೆ ಹುಬ್ಬಿನ ಮ್ಯಾಲ ಸಣ್ಣ ಗಾಯದ ಕಲಿ ಐತಿ. ಚಪ್ಪಲಿ ಎಳಕೊಂತ ನಡೀತಾನ. ಕಂಡ್ರ ಮನೀಗೆ ಕಳಸ್ರಿ."

ಆ ಕಲೆ ಓಣಿಯವರೆಲ್ಲ ಬಲ್ಲದ್ದು. ಮನೆ ಮನೆಯ ಮಗ್ಗಗಳು ಒಂದೊಂದಾಗಿ ನಿಂತವು. ಕೆಣಕಿದವನು ಎದ್ದು ಒಳಗೆ ಹೋದ.

ಆ ಹೊತ್ತಿಗೆ ಅವರು ಬಸ್‌ ನಿಲ್ದಾಣದಲ್ಲೂ ಟಾಂಗಾ ನಿಲ್ಲಿಸಿ ಇಳಿಯುವವರ ಮುಖ ನೋಡುತ್ತಿದ್ದರಂತೆ. ಉಣ್ಣುವುದನ್ನು ಬಿಟ್ಟಿದ್ದರು. ಅವರ ಹೆಂಡತಿ ಬಂದು ಸಾವಕಾರರ ಮುಂದೆ ಸೆರಗೊಡ್ಡಿ, "ಮಗ ಹೋದ. ಇವರನ್ನರ ಉಳಿಸಿಕೊಡ್ರಿ. ಆ ಪಿಕ್ಚರ್ ಒಮ್ಮೆ ತೋರಿಸಿಬಿಡ್ರಿ, ಯಾರೂ ಬರೂದಿಲ್ಲಂತ ತಿಳೀಲಿ," ಎಂದಳು.

ತೋರಿಸಬೇಕು, ಸರಿ. ಆದರೆ ಕೊನೆ? ಕೊನೆಗೆ ಆ ತಂದೆಯ ಮನೆಯ ಗಂಟೆ ಬಾರಿಸುತ್ತದೆ, ಅವನು ಎದ್ದು ಬಾಗಿಲ ತನಕ ಹೋಗುತ್ತಾನೆ, ತೆಗೆದರೆ ಹಾಲಿನವನು. ಅದನ್ನು ನೋಡಿದರೆ ಈ ಮನುಷ್ಯನ ಎದೆ ಒಡೆದೀತು ಎಂದು ಸಾವಕಾರರು, ಆಪರೇಟರ್ ಬಸಣ್ಣ, ನಾನು ಮೂವರೂ ಸೇರಿ ತೀರ್ಮಾನಿಸಿದೆವು. ಗಂಟೆ ಬಾರಿಸಿ ತಂದೆ ಎದ್ದೊಡನೆ ರೀಲು ನಿಲ್ಲಿಸುವುದು. ಬರುವವನು ಬಂದರೂ ಬಂದಾನು, ಅಷ್ಟಕ್ಕೇ ಬಿಡುವುದು. ನಮಗೆ ಅದು ದಯೆ ಎನಿಸಿತ್ತು.

ಮಧ್ಯಾಹ್ನದ ಆಟಕ್ಕೆ ಮುಂಚೆ, ಖಾಲಿ ಟಾಕೀಜಿನಲ್ಲಿ ಅವರ ಪಕ್ಕಕ್ಕೆ ಕುಳಿತೆ. ಕತ್ತಲಲ್ಲಿ ನಿದ್ದೆ ಬರುತ್ತದೆ ಎನ್ನುತ್ತಿದ್ದವರು ರೆಪ್ಪೆ ಮುಚ್ಚಲಿಲ್ಲ. ಬೂಟಿಗೆ ಪಾಲಿಶ್ ಹಚ್ಚುವಾಗ ಮಾತ್ರ, "ಹಂಗ ತಿಕ್ಕಬಾರದು, ತೊಗಲು ಸವೀತೈತಿ," ಎಂದರು. ಗಂಟೆ ಬಾರಿಸಿತು. ತಂದೆ ಎದ್ದ. ಪರದೆ ಬೆಳ್ಳಗಾಯಿತು. ದೀಪ ಹತ್ತಿತು.

"ಮುಗೀತ್ರಿ, ನಡೀರಿ," ಅಂದೆ.

"ಬಾಗಲಾ?"

"ಅಷ್ಟರೀ ಕತಿ."

ಅವರು ಎದ್ದು ನಿಂತು ಹಿಂದಿನ ಗೋಡೆಯ ಕಿಂಡಿಗೆ ಮುಖ ಮಾಡಿದರು. ಮೈಕಿಲ್ಲದೆಯೂ ಆ ದನಿ ಟಾಕೀಜು ತುಂಬಿತು: "ಬಸಣ್ಣಾ, ಬಾಗಲಾ ತಗಿ! ಯಾರ ಬಂದಾರ ನಾ ನೋಡಬೇಕು. ಆವತ್ತೂ ಹಿಂಗ ಮಾಡಿದ್ರಿ. ನಾ ಬರೂದ್ರಾಗ ಮುಚ್ಚಿಬಿಟ್ರಿ. ಬಾಗಲಾ ತಗೀರಿ!"

ಬಸಣ್ಣ ಕಿಂಡಿಯಿಂದ ನಮ್ಮನ್ನು ನೋಡಿದ. ಸಾವಕಾರರು ತಲೆ ತಗ್ಗಿಸಿಕೊಂಡು ಕೈ ಎತ್ತಿದರು. ಕತ್ತಲಾಯಿತು, ಬಾಗಿಲು ತೆರೆಯಿತು. ಹಾಲಿನವನು ಕ್ಯಾನು ಹಿಡಿದು ನಿಂತಿದ್ದ. ತಂದೆ ಅವನನ್ನು ನೋಡುತ್ತ ನಿಂತು, ಆಮೇಲೆ ಪಾತ್ರೆ ತಂದು ಹಿಡಿದ.

"ಹಾಲಿನಾಂವ," ಎಂದರು ಮಹಬೂಬಸಾಬರು, ಬಹಳ ಮೆತ್ತಗೆ. ಆಮೇಲೆ ಮುಂದಿನ ಕುರ್ಚಿಗೆ ಹಣೆ ಹಚ್ಚಿ ಮಗನಿಗೆ ಅಳಬೇಕಾದ ಅಳುವನ್ನೆಲ್ಲ ಅತ್ತರು.

ಅಲ್ಲಿಗೆ ಗುಣವಾದರು ಎಂದು ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಊಟ ಮಾಡತೊಡಗಿದರು, ಬಸ್ಸುಗಳನ್ನು ಕಾಯುವುದು ಬಿಟ್ಟರು. ಆದರೆ ಮರುದಿನ ಮೈಕಿನಲ್ಲಿ, "ಮಗ ಬರೂದಿಲ್ಲ. ಬಾಗಲಾ ತಗದ್ರ ಹಾಲಿನಾಂವ ಇರತಾನ. ಆದ್ರೂ ಬಂದು ನೋಡ್ರಿ," ಎಂದರು. ಮುಂದೆ ದೇವರ ಚಿತ್ರ ಬಂತು, ಹೊಡೆದಾಟದ ಚಿತ್ರ ಬಂತು, ನಗೆಯ ಚಿತ್ರ ಬಂತು. ಯಾವುದನ್ನು ಸಾರಿದರೂ ಕೊನೆಗೆ "ಮಗ ಬರೂದಿಲ್ಲ" ಎಂಬ ಒಂದು ಸಾಲು. ಸಾವಕಾರರು ಎಷ್ಟು ದಿನ ತಾಳಿಯಾರು? ಹೆಂಡತಿಯ ತವರಿನವರು ಅವರನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ದರು.

ಒಮ್ಮೆ ಅಲ್ಲಿಗೆ ಹೋದಾಗ ಹುಡುಕಿಕೊಂಡು ಹೋದೆ. ಮನೆ ಸುಲಭವಾಗಿ ಸಿಕ್ಕಿತು. ಅದಕ್ಕೆ ಬಾಗಿಲಿರಲಿಲ್ಲ, ಕದವನ್ನು ಬಿಚ್ಚಿ ಒಳಗಿನ ಗೋಡೆಗೆ ಒರಗಿಸಿಟ್ಟಿದ್ದರು. ಹೊಸ್ತಿಲ ಬಳಿ ಕುಳಿತಿದ್ದವರು ನನ್ನ ಗುರುತು ಹಿಡಿದು, "ಬರ್ರಿ, ಕುಂಡ್ರಿ," ಎಂದರು. ನಾನು ಚೌಕಟ್ಟನ್ನೇ ನೋಡುತ್ತಿದ್ದುದನ್ನು ಕಂಡು, "ಈಗ ಆರಾಮ ಐತ್ರಿ. ಬರಾವ್ರು ದೂರದಿಂದನ ಕಾಣತಾರ," ಎಂದು ನಕ್ಕರು. ಆ ನಗೆಯನ್ನು ನೋಡಲಾಗದೆ ನಾನು ಎಂದಿನಂತೆ ಊಟದ ವಿಷಯ ಕೇಳಿದೆ.

ನಿನ್ನೆ ಗಂಟೆ ಎರಡನೆಯ ಸಲ ಬಾರಿಸಿತು. ಎದ್ದೆ. ಚಿಲಕ ತೆಗೆದೆ.

"ಸಾಹೇಬ್ರ, ಎಷ್ಟೊತ್ರಿ? ಪಾತೇಲಿ ತರ್ರಿ," ಎಂದ ಹಾಲಿನವನು.

ಹಾಲು ಹಾಕಿಸಿಕೊಂಡು ಒಳಗಿಟ್ಟು ಬಂದೆ. ಆಮೇಲೆ ಎರಡೂ ಕದಗಳನ್ನು ಹಿಂದಕ್ಕೆ ತಳ್ಳಿ, ಅವು ಮುಚ್ಚದಂತೆ ಒಂದೊಂದಕ್ಕೂ ಕಲ್ಲಿಟ್ಟು, ರಸ್ತೆ ಕಾಣುವಂತೆ ಕುರ್ಚಿ ಹಾಕಿಕೊಂಡು ಕುಳಿತೆ.

ಕತ್ತಲಾಗುವ ಹೊತ್ತಿಗೆ ಓಣಿಯ ತುದಿಯಲ್ಲಿ ಮಗಳು ಕಂಡಳು. ಅಲ್ಲಿಂದ ಮನೆಯ ತನಕ ಅವಳ ಒಂದೊಂದು ಹೆಜ್ಜೆಯನ್ನೂ ನೋಡಿದೆ. ಅವಳು ಗಂಟೆ ಒತ್ತುವ ಪ್ರಸಂಗವೇ ಬರಲಿಲ್ಲ.

"ಏನಪ್ಪಾ ಇದು, ಬಾಗಲಾ ಹಿಂಗ ಹಾರು ಹೊಡದೀದಿ? ಮನೀ ತುಂಬ ಸೊಳ್ಳಿ ಬರತಾವ," ಎಂದಳು.

"ಬರ್ಲಿ ಬಿಡವಾ," ಎಂದೆ.